ಆಂಟನ್ ಫ್ಲೆಟ್ನರ್

ಆಂಟನ್ ಫ್ಲೆಟ್ನರ್ (ನವೆಂಬರ್ 1, 1885 – ಡಿಸೆಂಬರ್ 29, 1961) ಜರ್ಮನಿಯ ಇಂಜಿನಿಯರ್ ಹಾಗೂ ಸಂಶೋಧಕರು. ವಿಮಾನದ ನಿಯಂತ್ರಣ ಫಲಕಗಳ ಹಿಂಬದಿಯ ಅಂಚಿನಲ್ಲಿ ಅಳವಡಿಸುವ ಸರ್ವೋ ಟ್ಯಾಬ್ ಎಂಬ ಕಿರುಫಲಕ ಅವರ ಪ್ರಮುಖ ಕೊಡುಗೆಗಳಲ್ಲೊಂದು. ಇದನ್ನು ಫ್ಲೆಟ್ನರ್ ಟ್ಯಾಬ್ ಎಂದೂ ಕರೆಯುತ್ತಾರೆ. ತಿರುಗುವ ಸ್ತಂಭಗಳ ನೆರವಿನಿಂದ ಚಲಿಸುವ ರೋಟರ್ ಹಡಗನ್ನು ಮತ್ತು ಆರಂಭಕಾಲದ ಹೆಲಿಕಾಪ್ಟರ್‌ಗಳನ್ನು ರೂಪಿಸಿದವರಲ್ಲಿಯೂ ಅವರ ಹೆಸರು ಪ್ರಮುಖವಾಗಿದೆ.

ಆರಂಭಿಕ ಜೀವನ

ಫ್ಲೆಟ್ನರ್ ಅವರು ಮೈನ್ ನದಿಯ ದಡದಲ್ಲಿರುವ ಎಡ್ಡರ್ಸ್‌ಹೈಮ್ ಎಂಬ ಊರಿನಲ್ಲಿ ಜನಿಸಿದರು. ಶಿಕ್ಷಕ ತರಬೇತಿಯನ್ನು ಪಡೆದು, ಫ್ರಾಂಕ್‌ಫರ್ಟ್ ನಗರದಲ್ಲಿ ಗಣಿತ ಮತ್ತು ಭೌತಶಾಸ್ತ್ರದ ಅಧ್ಯಾಪಕರಾಗಿ ಸೇವೆ ಸಲ್ಲಿಸಿದರು. ಯಂತ್ರಗಳನ್ನು ದೂರದಿಂದಲೇ ನಿಯಂತ್ರಿಸುವ ವಿಧಾನಗಳಲ್ಲಿ ಅವರಿಗೆ ವಿಶೇಷ ಆಸಕ್ತಿಯಿತ್ತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಈ ಆಸಕ್ತಿಯೇ ಅವರನ್ನು ಅಧ್ಯಾಪನದಿಂದ ಸಂಶೋಧನೆಯ ಕಡೆಗೆ ಕೊಂಡೊಯ್ದಿತು.

ಸರ್ವೋ ಟ್ಯಾಬ್

ವಿಮಾನವನ್ನು ನಿಯಂತ್ರಿಸಲು ಮುಖ್ಯವಾಗಿ ಮೂರು ಬಗೆಯ ಚಲಿಸುವ ಫಲಕಗಳಿರುತ್ತವೆ. ರೆಕ್ಕೆಯಲ್ಲಿರುವ ಏಲೆರಾನ್ ವಿಮಾನವನ್ನು ಪಕ್ಕಕ್ಕೆ ವಾಲಿಸುತ್ತದೆ. ಬಾಲದ ಎಲಿವೇಟರ್ ಮೂತಿಯನ್ನು ಮೇಲೆ ಕೆಳಗೆ ಮಾಡುತ್ತದೆ. ರಡ್ಡರ್ ಮೂತಿಯನ್ನು ಎಡಬಲಕ್ಕೆ ಹೊರಳಿಸುತ್ತದೆ. ಇವುಗಳನ್ನು ತಿರುಗಿಸಲು ಬೇಕಾಗುವ ಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ವೇಗ ಎರಡರಷ್ಟಾದರೆ ಬಲ ಸುಮಾರು ನಾಲ್ಕರಷ್ಟು ಬೇಕಾಗುತ್ತದೆ. ವಿಮಾನಗಳು ದೊಡ್ಡದಾಗುತ್ತಾ ಹೋದಂತೆ ಚಾಲಕನ ತೋಳ್ಬಲವೊಂದೇ ಸಾಲದಾಯಿತು.

ಫ್ಲೆಟ್ನರ್ ಈ ಸಮಸ್ಯೆಗೆ ಗಾಳಿಯಲ್ಲಿಯೇ ಪರಿಹಾರ ಕಂಡುಕೊಂಡರು. ಅವರ ವ್ಯವಸ್ಥೆಯಲ್ಲಿ ಚಾಲಕನು ದೊಡ್ಡ ಫಲಕವನ್ನು ನೇರವಾಗಿ ತಿರುಗಿಸುವುದಿಲ್ಲ. ಅದರ ಹಿಂಬದಿಯ ಅಂಚಿನಲ್ಲಿರುವ ಕಿರುಫಲಕವನ್ನು ಮಾತ್ರ ತಿರುಗಿಸುತ್ತಾನೆ. ಉದಾಹರಣೆಗೆ, ಎಲಿವೇಟರ್ ಮೇಲೇಳಬೇಕಾದರೆ ಟ್ಯಾಬ್ ಕೆಳಕ್ಕೆ ಬಾಗುತ್ತದೆ. ಗಾಳಿಯು ಟ್ಯಾಬನ್ನು ಮೇಲಕ್ಕೆ ತಳ್ಳಿದಾಗ ಅದರೊಂದಿಗೆ ಇಡೀ ಎಲಿವೇಟರ್ ಮೇಲಕ್ಕೆ ಹೊರಳುತ್ತದೆ. ಟ್ಯಾಬ್ ಚಿಕ್ಕದಾದರೂ ಕೀಲಿನಿಂದ ದೂರದಲ್ಲಿರುವುದರಿಂದ, ಉದ್ದನೆಯ ಸನ್ನೆಗೋಲಿನ ತುದಿಯನ್ನು ಒತ್ತಿದಂತೆ ಅಲ್ಪ ಬಲವೇ ದೊಡ್ಡ ಪರಿಣಾಮವನ್ನು ಉಂಟುಮಾಡುತ್ತದೆ.

ಈ ವ್ಯವಸ್ಥೆಗೆ ಮಿತಿಗಳೂ ಇವೆ. ಟ್ಯಾಬ್ ಮೇಲಿನ ಬಲವು ಮುಖ್ಯ ಫಲಕದ ಬಲಕ್ಕೆ ವಿರುದ್ಧ ದಿಕ್ಕಿನಲ್ಲಿರುವುದರಿಂದ ಪರಿಣಾಮದ ಸ್ವಲ್ಪ ಭಾಗ ನಷ್ಟವಾಗುತ್ತದೆ. ಗಾಳಿಯ ಹರಿವು ಕಡಿಮೆಯಿದ್ದಾಗ ಟ್ಯಾಬ್ ನಿಷ್ಪ್ರಯೋಜಕವಾಗುತ್ತದೆ. ಇದೇ ಬಗೆಯ ಇನ್ನೊಂದು ಸಾಧನ ಟ್ರಿಮ್ ಟ್ಯಾಬ್. ಅದನ್ನು ಒಂದು ಕೋನದಲ್ಲಿ ನಿಲ್ಲಿಸಿದರೆ ಮುಖ್ಯ ಫಲಕವು ಬೇಕಾದ ಸ್ಥಾನದಲ್ಲಿಯೇ ಉಳಿಯುವುದರಿಂದ, ಚಾಲಕನು ನಿಯಂತ್ರಣ ದಂಡವನ್ನು ಸದಾ ಒತ್ತಿ ಹಿಡಿಯಬೇಕಾಗಿಲ್ಲ.

ರೋಟರ್ ಹಡಗು

ಫ್ಲೆಟ್ನರ್ ಇದೇ ತತ್ತ್ವವನ್ನು ಹಡಗಿನ ಚುಕ್ಕಾಣಿಗೂ ಅನ್ವಯಿಸಿದರು. ಅನಂತರ ಹಾಯಿಗಳ ಬದಲಿಗೆ ತಿರುಗುವ ಎತ್ತರದ ಸ್ತಂಭಗಳನ್ನು ಬಳಸಿದರು. ತಿರುಗುವ ಸ್ತಂಭಕ್ಕೆ ಗಾಳಿ ಬೀಸಿದಾಗ ಗಾಳಿಗೆ ಅಡ್ಡಲಾಗಿ ಬಲ ಉಂಟಾಗುತ್ತದೆ. ಇದನ್ನು ಮ್ಯಾಗ್ನಸ್ ಪರಿಣಾಮ ಎನ್ನುತ್ತಾರೆ. 1924ರಲ್ಲಿ ಕೀಲ್ ನಗರದಲ್ಲಿ ಬುಕಾವ್ ಎಂಬ ಹಡಗಿಗೆ ಇಂತಹ ಎರಡು ಸ್ತಂಭಗಳನ್ನು ಅಳವಡಿಸಲಾಯಿತು. ಬಾಡೆನ್-ಬಾಡೆನ್ ಎಂದು ಮರುನಾಮಕರಣಗೊಂಡ ಅದು 1926ರಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿ ನ್ಯೂಯಾರ್ಕ್ ತಲುಪಿತು. ಆದರೆ ಇಂಧನ ಅಗ್ಗವಾಗಿದ್ದ ಆ ಕಾಲದಲ್ಲಿ ರೋಟರ್ ಹಡಗುಗಳು ವಾಣಿಜ್ಯವಾಗಿ ನೆಲೆಗೊಳ್ಳಲಿಲ್ಲ.

ಹೆಲಿಕಾಪ್ಟರ್‌ಗಳು ಮತ್ತು ಯುದ್ಧಕಾಲ

1930ರ ದಶಕದಲ್ಲಿ ಫ್ಲೆಟ್ನರ್ ಹೆಲಿಕಾಪ್ಟರ್‌ಗಳತ್ತ ತಿರುಗಿದರು. 1939ರ ಎಫ್‌ಎಲ್ 265 ಹೆಲಿಕಾಪ್ಟರ್‌ನಲ್ಲಿ ಎರಡು ರೋಟರ್‌ಗಳು ಪರಸ್ಪರ ತಗಲದಂತೆ, ಒಂದರ ವೃತ್ತದೊಳಗೆ ಇನ್ನೊಂದು ಹಾದು ತಿರುಗುತ್ತಿದ್ದವು. ಅದರ ಮುಂದುವರಿದ ರೂಪವಾದ ಎಫ್‌ಎಲ್ 282 ಕೊಲಿಬ್ರಿಯನ್ನು ಜರ್ಮನ್ ನೌಕಾಪಡೆ ಹಡಗುಗಳಿಂದ ಹಾರಿಸಿ ಪರೀಕ್ಷಿಸಿತು. 1,000 ಹೆಲಿಕಾಪ್ಟರ್‌ಗಳಿಗೆ ಬೇಡಿಕೆ ಬಂದಿದ್ದರೂ, ಬಾಂಬ್ ದಾಳಿಯಿಂದ ಕಾರ್ಖಾನೆ ಹಾಳಾದುದರಿಂದ ಕೆಲವೇ ಹೆಲಿಕಾಪ್ಟರ್‌ಗಳು ತಯಾರಾದವು.

ಈ ಕಾರ್ಯದಲ್ಲಿ ಕುರ್ಟ್ ಹೋಹೆನೆಮ್ಸರ್ ಅವರ ಪ್ರಮುಖ ಸಹೋದ್ಯೋಗಿಯಾಗಿದ್ದರು. ತಂದೆ ಯಹೂದಿ ಮೂಲದವರೆಂಬ ಕಾರಣದಿಂದ 1933ರಲ್ಲಿ ಗೊಟ್ಟಿಂಗೆನ್ ವಿಶ್ವವಿದ್ಯಾಲಯದ ಹುದ್ದೆ ಕಳೆದುಕೊಂಡಿದ್ದ ಅವರಿಗೆ ಫ್ಲೆಟ್ನರ್ ಅವರ ಸಂಸ್ಥೆ ಆಶ್ರಯವಾಯಿತು. ಫ್ಲೆಟ್ನರ್ ಅವರ ಪತ್ನಿಯೂ ಯಹೂದಿ ಮೂಲದವರು. ಹೀಗೆ, ಯಾವ ಆಡಳಿತದಿಂದ ತಮ್ಮ ಆಪ್ತರಿಗೆ ಅಪಾಯವಿತ್ತೋ ಅದರ ಸೇನೆಗಾಗಿಯೇ ಅವರು ಯಂತ್ರಗಳನ್ನು ನಿರ್ಮಿಸಿದರು.

ಕೊನೆಯ ವರ್ಷಗಳು ಮತ್ತು ಪ್ರಭಾವ

ಯುದ್ಧಾನಂತರ ಫ್ಲೆಟ್ನರ್ ಅಮೆರಿಕಕ್ಕೆ ತೆರಳಿ ಸಂಶೋಧನೆಯನ್ನು ಮುಂದುವರಿಸಿದರು. 1961ರಲ್ಲಿ ನ್ಯೂಯಾರ್ಕ್‌ನಲ್ಲಿ ನಿಧನರಾದರು.

ಮುಂದೆ ದೊಡ್ಡ ವಿಮಾನಗಳಲ್ಲಿ ಹೈಡ್ರಾಲಿಕ್ ವ್ಯವಸ್ಥೆ ಬಂದರೂ ಟ್ಯಾಬ್ ಮರೆಯಾಗಲಿಲ್ಲ. ಡಿಸಿ-9 ಜೆಟ್ ವಿಮಾನದ ಎಲಿವೇಟರ್ ಇದೇ ತತ್ತ್ವದಿಂದ ಚಲಿಸುತ್ತದೆ. ಇಂಧನ ಉಳಿತಾಯದ ಅಗತ್ಯದಿಂದ ರೋಟರ್ ಹಡಗಿನ ಕಲ್ಪನೆಯೂ ಮರಳಿ ಬಂದಿದೆ. 2010ರಲ್ಲಿ ಸೇವೆಗೆ ಬಂದ ಜರ್ಮನಿಯ ಇ-ಶಿಪ್ 1 ಎಂಬ ಸರಕು ಹಡಗಿನಲ್ಲಿ ನಾಲ್ಕು ಫ್ಲೆಟ್ನರ್ ರೋಟರ್‌ಗಳನ್ನು ಅಳವಡಿಸಲಾಗಿದೆ.