ಡಾ. ಶಾಂತಿಸ್ವರೂಪ ಭಟ್ನಾಗರ್

ಶಾಂತಿಸ್ವರೂಪ ಭಟ್ನಾಗರರು 1894ರ ಫೆಬ್ರವರಿ 21ರಂದು, ಈಗ ಪಾಕಿಸ್ತಾನಕ್ಕೆ ಸೇರಿರುವ ಭೇರಾ ಎಂಬ ಊರಿನಲ್ಲಿ ಜನಿಸಿದರು. ಎಂಟು ತಿಂಗಳ ಕೂಸಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡ ಅವರು ಬೆಳೆದುದು ತಾಯಿಯ ತಂದೆಯ ಆಶ್ರಯದಲ್ಲಿ. ತಾತನವರು ಎಂಜಿನಿಯರರಾಗಿದ್ದುದರಿಂದ ಯಂತ್ರಗಳ ಮೇಲಣ ಒಲವು ಬಾಲಕನಿಗೆ ಅಲ್ಲಿಯೇ ಮೂಡಿತು.

ಲಾಹೋರಿನಲ್ಲಿ ವ್ಯಾಸಂಗವನ್ನು ಮುಗಿಸಿ, ವಿದ್ಯಾರ್ಥಿವೇತನ ಪಡೆದು ಅವರು ಅಮೆರಿಕಕ್ಕೆ ಹೊರಟರು. ಆದರೆ ಮೊದಲನೆಯ ಮಹಾಯುದ್ಧ ಆಗತಾನೆ ಮುಗಿದಿತ್ತು. ತಾಯ್ನಾಡಿಗೆ ಮರಳುತ್ತಿದ್ದ ಅಮೆರಿಕದ ಸೈನಿಕರಿಂದ ಹಡಗುಗಳು ತುಂಬಿಹೋಗಿದ್ದವು. ಹೀಗಾಗಿ ಲಂಡನ್ನಿನಲ್ಲಿಯೇ ನಿಂತು, ಡೊನ್ನನ್ ಎಂಬ ಪ್ರಸಿದ್ಧ ರಸಾಯನಶಾಸ್ತ್ರಜ್ಞರ ಬಳಿ ಎಣ್ಣೆಗಳ ಮೇಲ್ಮೈ ಕರ್ಷಣವನ್ನು ಕುರಿತು ಸಂಶೋಧನೆ ನಡೆಸಿದರು. 1921ರಲ್ಲಿ ಡಾಕ್ಟರ್ ಪದವಿ ಪಡೆದರು. ಹಡಗು ಸಿಕ್ಕದೆ ಹೋದುದು ಒಳ್ಳೆಯದೇ ಆಯಿತು. ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಮೂರು ವರ್ಷ ಬೋಧಿಸಿ, 1924ರಲ್ಲಿ ಅವರು ಲಾಹೋರಿಗೆ ಹಿಂದಿರುಗಿದರು.

ಅಲ್ಲಿ ಅವರ ವಿದ್ಯೆಗೆ ಒಂದು ಪರೀಕ್ಷೆ ಕಾದಿತ್ತು. ರಾವಲ್ಪಿಂಡಿಯ ಬಳಿ ಅಟಾಕ್ ತೈಲ ಕಂಪನಿಯವರು ಎಣ್ಣೆಗಾಗಿ ನೆಲವನ್ನು ಕೊರೆಯುತ್ತಿದ್ದರು. ಕೊರೆಯುವಾಗ ಬಾವಿಯೊಳಕ್ಕೆ ತೆಳುವಾದ ಕೆಸರನ್ನು ಹರಿಸುವುದು ವಾಡಿಕೆ. ಆದರೆ ಭೂಗರ್ಭದ ಉಪ್ಪುನೀರು ತಗುಲಿದೊಡನೆ ಆ ಕೆಸರು ಗಟ್ಟಿಯಾಗಿ, ಕೆಲಸವೇ ನಿಂತುಹೋಗುತ್ತಿತ್ತು. ಇದಕ್ಕೆ ಕಾರಣವೇನು? ಜೇಡಿಮಣ್ಣಿನ ಕೆಸರು ಒಂದು ಕಲಿಲ. ಅದರ ಅತಿಸೂಕ್ಷ್ಮ ಕಣಗಳ ಮೇಲೆ ಒಂದೇ ಬಗೆಯ ವಿದ್ಯುದಾವೇಶವಿದ್ದು, ಅವು ಒಂದನ್ನೊಂದು ದೂರ ತಳ್ಳುತ್ತ ನೀರಿನಲ್ಲಿ ತೇಲುತ್ತಿರುತ್ತವೆ. ಉಪ್ಪು ಈ ವಿಕರ್ಷಣೆಯನ್ನು ಕುಗ್ಗಿಸಿದಾಗ ಕಣಗಳು ಒಂದಕ್ಕೊಂದು ಅಂಟಿ ಹೆಪ್ಪುಗಟ್ಟುತ್ತವೆ. ಹಾಲಿಗೆ ನಿಂಬೆಯ ರಸ ಹಿಂಡಿದಾಗ ಅದು ಒಡೆಯುವುದೂ ಹೆಚ್ಚುಕಡಮೆ ಇಂತಹುದೇ. ಭಟ್ನಾಗರರು ಹೊಸ ಯಂತ್ರವನ್ನೇನೂ ಕೇಳಲಿಲ್ಲ. ಕೆಸರಿಗೆ ಮರದ ಅಂಟನ್ನು ಬೆರೆಸಿದರು! ಅಂಟು ಕಣಗಳಿಗೆ ಹೊದಿಕೆಯಾಯಿತು. ಉಪ್ಪುನೀರಿನಲ್ಲಿಯೂ ಕೆಸರು ಸರಾಗವಾಗಿ ಹರಿಯಿತು.

ಸಂತೋಷಗೊಂಡ ಸ್ಟೀಲ್ ಬ್ರದರ್ಸ್ ಸಂಸ್ಥೆಯವರು ಒಂದೂವರೆ ಲಕ್ಷ ರೂಪಾಯಿಗಳನ್ನು ನೀಡಲು ಮುಂದೆ ಬಂದರು. ಆ ಕಾಲಕ್ಕೆ ಅದು ಅಪಾರವಾದ ಧನ. ಸಂಬಳವನ್ನೇ ನೆಚ್ಚಿದ್ದ ಅಧ್ಯಾಪಕರು ಅದನ್ನು ಸ್ವೀಕರಿಸಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಭಟ್ನಾಗರರಾದರೋ ಅದನ್ನು ವಿಶ್ವವಿದ್ಯಾನಿಲಯಕ್ಕೆ ಸಲ್ಲಿಸುವಂತೆ ಮಾಡಿದರು. ಅದರಿಂದ ಪೆಟ್ರೋಲಿಯಂ ಸಂಶೋಧನಾ ವಿಭಾಗವು ಸ್ಥಾಪಿತವಾಯಿತು. ಮೇಣದ ದುರ್ವಾಸನೆ ಕಳೆಯುವುದು, ಸೀಮೆಎಣ್ಣೆಯ ಜ್ವಾಲೆಯನ್ನು ಎತ್ತರಿಸುವುದು ಮುಂತಾದ ವಿಷಯಗಳಲ್ಲಿ ತರುಣರು ಅಲ್ಲಿ ಸಂಶೋಧನೆಗೆ ತೊಡಗಿದರು.

1942ರಲ್ಲಿ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು ಸ್ಥಾಪನೆಯಾದಾಗ ಅದರ ಹೊಣೆ ಭಟ್ನಾಗರರ ಹೆಗಲೇರಿತು. ಸ್ವಾತಂತ್ರ್ಯಾನಂತರ ಅವರು ದೇಶದ ನಾನಾ ಕಡೆ ರಾಷ್ಟ್ರೀಯ ಪ್ರಯೋಗಾಲಯಗಳನ್ನು ಕಟ್ಟಿಸಿದರು. 1950ರಲ್ಲಿ ಮೈಸೂರಿನ ಚೆಲುವಾಂಬ ಅರಮನೆಯಲ್ಲಿ ಪ್ರಾರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯವೂ ಅವುಗಳಲ್ಲೊಂದು. ಈ ಕಾರ್ಯಭಾರದ ನಡುವೆಯೇ, 1955ರ ಜನವರಿ 1ರಂದು, ಹೃದಯಾಘಾತದಿಂದ ಅವರು ನಿಧನ ಹೊಂದಿದರು.