ಹತ್ತಕ್ಕೆ ಎಷ್ಟು ಕೊಡೋಣ ಕೃಷ್ಣದೇವರಾಯನಿಗೆ?

ಮ್ಯಾಚ್ ಮುಗಿದ ಮೇಲೆ ಮಾರ್ಕ್ಸ್ ಹಾಕೋದು ನಮ್ಮ ಹಾಸ್ಟೆಲ್‌ಗಳಲ್ಲಿ ಒಂದು ಸಂಪ್ರದಾಯ. ಆರ್‌ಸಿಬಿ ಗೆಲ್ಲಲಿ, ಸೋಲಲಿ, ಹನ್ನೊಂದು ಜನಕ್ಕೂ ಹತ್ತಕ್ಕೆ ಇಷ್ಟು ಅಂತ ಬೀಳಲೇಬೇಕು. ಇಂಟರ್ನಲ್ಸ್‌ನಲ್ಲಿ ನಮಗೆ ಯಾರೂ ಇಷ್ಟು ಧಾರಾಳವಾಗಿ ಕೊಡೋದಿಲ್ಲ, ಇಷ್ಟು ನಿರ್ದಯವಾಗಿ ಕಡಿಯೋದೂ ಇಲ್ಲ. ಈ ಚಟ ನಮ್ಮದೊಂದೇ ಅಲ್ಲ. ಆಸ್ಟ್ರೇಲಿಯಾದಲ್ಲಿ ಅವರದ್ದೇ ಆದ ಒಂದು ಫುಟ್‌ಬಾಲ್ ಇದೆ: ಮೊಟ್ಟೆ ಆಕಾರದ ಚೆಂಡು, ಮೈದಾನದಲ್ಲಿ ತಂಡಕ್ಕೆ 18 ಜನ. ಅಲ್ಲಿ ಪ್ರತಿ ಲೀಗ್ ಪಂದ್ಯ ಮುಗಿದ ಮೇಲೆ ಅಂಪೈರ್‌ಗಳೇ ಕೂತು ಮೂವರು ಆಟಗಾರರಿಗೆ 3, 2, 1 ಅಂತ ವೋಟು ಹಾಕುತ್ತಾರೆ. 1924ರಲ್ಲಿ ಶುರುವಾದ ಬ್ರೌನ್‌ಲೋ ಪದಕ ಯಾರಿಗೆ ಅನ್ನೋದು ಈ ವೋಟಿನ ಮೇಲೆ ನಿರ್ಧಾರ ಆಗುತ್ತದೆ. ಜೊತೆಗೆ ಒಂದು ಷರತ್ತು ಇದೆ. ಆ ಸೀಸನ್‌ನಲ್ಲಿ ತಪ್ಪಾಟಕ್ಕೆ ಸಸ್ಪೆಂಡ್ ಆದವನಿಗೆ ಎಷ್ಟೇ ವೋಟು ಬಿದ್ದಿದ್ದರೂ ಪದಕ ಸಿಗೋದಿಲ್ಲ. ಚೆನ್ನಾಗಿ ಆಡಿದರೆ ಸಾಲದು, ನ್ಯಾಯವಾಗಿಯೂ ಆಡಿರಬೇಕು.

ಈ ಸಲ ನಮ್ಮ ಬಳಗ ಇದೇ ಅಳತೆಗೋಲನ್ನು ಐನೂರು ವರ್ಷ ಹಳೆಯ ಒಬ್ಬ ಆಟಗಾರನ ಮೇಲೆ ಇಟ್ಟು ನೋಡಿದೆ. ಹೆಸರು ಕೃಷ್ಣದೇವರಾಯ. ಊರು ವಿಜಯನಗರ, ಅಂದರೆ ಇವತ್ತಿನ ಹಂಪಿ ಮತ್ತು ಕಮಲಾಪುರದ ಸುತ್ತಮುತ್ತ. ಆಡಿದ ಕಾಲ 1509ರಿಂದ 1529.

ಟೀಮ್‌ಗೆ ಬಂದ ರೀತಿ

ತಂದೆ ತುಳುವ ನರಸನಾಯಕ, ತಾಯಿ ನಾಗಲಾದೇವಿ. ತಂದೆಯ ನಂತರ ಅಧಿಕಾರ ಮಲಣ್ಣ ವೀರನರಸಿಂಹನ ಕೈಗೆ ಹೋಯಿತು. ಮುಂದಿನ ಕಥೆಯನ್ನು ನಮಗೆ ಹೇಳಿದವನು ಫೆರ್ನಾವ್ ನೂನಿಜ್ ಅನ್ನೋ ಪೋರ್ಚುಗೀಸ್ ಕುದುರೆ ವ್ಯಾಪಾರಿ. ವೀರನರಸಿಂಹನಿಗೆ ಸಾಯುವ ಹೊತ್ತಿನಲ್ಲಿ ತನ್ನ ಎಂಟು ವರ್ಷದ ಮಗನೇ ರಾಜನಾಗಬೇಕು ಅಂತ ಆಸೆ. ಹಾಗಾಗಿ ತಮ್ಮನ ಕಣ್ಣು ಕೀಳಿಸಿ ತಂದು ತೋರಿಸು ಅಂತ ಮಂತ್ರಿ ಸಾಳುವ ತಿಮ್ಮರಸನಿಗೆ ಅಪ್ಪಣೆ ಮಾಡಿದನಂತೆ. ತಿಮ್ಮರಸ ಹುಡುಗನನ್ನು ಬಚ್ಚಿಟ್ಟು, ಮೇಕೆಯ ಕಣ್ಣು ತಂದು ತೋರಿಸಿದ. ವೀರನರಸಿಂಹ ತೀರಿಕೊಂಡ ಮೇಲೆ ಇಪ್ಪತ್ತು ದಾಟಿದ್ದ ಕೃಷ್ಣದೇವರಾಯ ಸಿಂಹಾಸನಕ್ಕೆ ಬಂದ. ಪಟ್ಟಾಭಿಷೇಕದ ನೆನಪಿಗೆ ವಿರೂಪಾಕ್ಷ ಗುಡಿಯ ರಂಗಮಂಟಪ ಕಟ್ಟಿಸಿದ್ದನ್ನು ಹೇಳುವ 1510ರ ಶಾಸನ ಈಗಲೂ ಆ ಗುಡಿಯಲ್ಲೇ ಇದೆ.

ಈ ಸುತ್ತಿನಲ್ಲಿ ಕೃಷ್ಣದೇವರಾಯನಿಗೆ ಮಾರ್ಕ್ಸ್ ಇಲ್ಲ, ಅವನಿನ್ನೂ ಬ್ಯಾಟ್ ಹಿಡಿದಿಲ್ಲ. ತಿಮ್ಮರಸನಿಗೆ ಹತ್ತಕ್ಕೆ ಹತ್ತು. ಆ ಮೇಕೆಯ ಕಣ್ಣುಗಳನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಬೆಳಗಿನ ಪ್ರಾಕ್ಟೀಸ್

1520ರ ಸುಮಾರಿಗೆ ಬಂದಿದ್ದ ಡೊಮಿಂಗೊ ಪಾಯೆಸ್ ಅನ್ನೋ ಇನ್ನೊಬ್ಬ ಪೋರ್ಚುಗೀಸ್ ರಾಜನನ್ನು ಹತ್ತಿರದಿಂದ ನೋಡಿ ಬರೆದಿದ್ದಾನೆ. ನಮ್ಮ ಸಿನಿಮಾದ ರಾಜರ ಹಾಗೆ ಆರಡಿ ಎತ್ತರದ ಆಳಲ್ಲ. ಮಧ್ಯಮ ಎತ್ತರ, ಒಳ್ಳೆ ಬಣ್ಣ, ಸ್ವಲ್ಪ ದಪ್ಪವೇ, ಮುಖದ ಮೇಲೆ ಸಿಡುಬಿನ ಕಲೆ. ನಗುನಗುತ್ತಾ ಮಾತಾಡುವ ಸ್ವಭಾವ, ಹೊರದೇಶದವರನ್ನು ಕಂಡರೆ ಆದರ. ಆದರೆ ಕೋಪ ಮಾತ್ರ ಇದ್ದಕ್ಕಿದ್ದ ಹಾಗೆ ಬರುತ್ತಿತ್ತು ಅಂತಲೂ ಪಾಯೆಸ್ ಗುರುತು ಹಾಕಿಟ್ಟಿದ್ದಾನೆ.

ಜಿಮ್‌ಗೆ ನಾಳೆಯಿಂದ ಹೋಗ್ತೀವಿ ಅನ್ನುವವರು ಇದನ್ನು ಓದಲೇಬೇಕು. ಬೆಳಕು ಹರಿಯೋ ಮುಂಚೆ ಎದ್ದು ಒಂದಷ್ಟು ಎಳ್ಳೆಣ್ಣೆ ಕುಡಿಯುತ್ತಿದ್ದ. ಮೈಗೆಲ್ಲ ಅದೇ ಎಣ್ಣೆ ಹಚ್ಚಿಕೊಂಡು, ಸೊಂಟಕ್ಕೊಂದು ತುಂಡು ಬಟ್ಟೆ ಕಟ್ಟಿ, ಮಣ್ಣಿನಿಂದ ಮಾಡಿದ ದೊಡ್ಡ ತೂಕಗಳನ್ನು ಎತ್ತುತ್ತಿದ್ದ. ಆಮೇಲೆ ಕುಡಿದ ಎಣ್ಣೆಯೆಲ್ಲ ಬೆವರಾಗಿ ಹೊರಬರುವ ತನಕ ಕತ್ತಿವರಸೆ. ಅದಾದ ಮೇಲೆ ಆಸ್ಥಾನದ ಒಬ್ಬ ಜಟ್ಟಿಯ ಜೊತೆ ಕುಸ್ತಿ. ಕೊನೆಗೆ ಕುದುರೆ ಹತ್ತಿ ಬಯಲಿನಲ್ಲಿ ಬೆಳಗಾಗುವವರೆಗೂ ಸವಾರಿ. ಸ್ನಾನ, ಪೂಜೆ, ರಾಜ್ಯದ ಕೆಲಸ ಎಲ್ಲ ಇದರ ನಂತರ.

ಫಿಟ್‌ನೆಸ್‌ಗೆ ಹತ್ತಕ್ಕೆ ಹತ್ತು. ಇದರಲ್ಲಿ ನಮ್ಮೊಳಗೆ ಜಗಳವೇ ಆಗಲಿಲ್ಲ.

ಕಣದ ಪಕ್ಕ

ಕಮಲಾಪುರದಿಂದ ಹಂಪಿ ಕಡೆ ಹೊರಟರೆ ರಾಣಿಯರ ಸ್ನಾನಗೃಹದ ಹತ್ತಿರವೇ ಮಹಾನವಮಿ ದಿಬ್ಬ ಸಿಗುತ್ತದೆ. ಸೆಲ್ಫಿಗೆ ಅಂತ ಮೇಲೆ ಹತ್ತುವ ಮುಂಚೆ ಅದರ ಪಕ್ಕದ ಕಲ್ಲುಗಳನ್ನು ಒಂದು ಸುತ್ತು ನೋಡಿ. ಆನೆ, ಕುದುರೆ, ಬೇಟೆ, ಕುಣಿತ, ಇವುಗಳ ನಡುವೆ ಕುಸ್ತಿ ಆಡುವವರೂ ಇದ್ದಾರೆ. ನವರಾತ್ರಿಯಲ್ಲಿ ಜಟ್ಟಿಗಳ ಕಾಳಗ ನಡೆಯುತ್ತಿದ್ದದ್ದು ಇಲ್ಲೇ, ರಾಜನ ಕಣ್ಣೆದುರಿಗೆ.

ಪಾಯೆಸ್ ಬರೆದಿರುವಂತೆ ಅದು ಸೌಮ್ಯ ಆಟವಲ್ಲ. ಹಲ್ಲು ಉದುರುತ್ತಿತ್ತು, ಕಣ್ಣು ಹೋಗುತ್ತಿತ್ತು, ಕೆಲವರನ್ನು ಮಾತಿಲ್ಲದ ಸ್ಥಿತಿಯಲ್ಲಿ ಗೆಳೆಯರು ಹೊತ್ತುಕೊಂಡು ಹೋಗಬೇಕಾಗಿತ್ತು. ಆದರೆ ಅಲ್ಲಿ ನಾಯಕರೂ ತೀರ್ಪುಗಾರರೂ ಇರುತ್ತಿದ್ದರು. ಅವರ ಕೆಲಸ ಎರಡು: ಇಬ್ಬರನ್ನೂ ಸಮವಾಗಿ ಕಣಕ್ಕೆ ಇಳಿಸೋದು, ಗೆದ್ದವನಿಗೆ ಸಲ್ಲಬೇಕಾದ ಗೌರವ ಸಲ್ಲಿಸೋದು. ಪ್ಲೇಯರ್ ರೇಟಿಂಗ್ ಅನ್ನೋದು ಹಂಪಿಯಲ್ಲಿ ಆಗಲೇ ಇತ್ತು ಅಂದರೆ ತಪ್ಪಾಗಲಾರದು.

ಕೃಷ್ಣದೇವರಾಯ ತೀರಿಕೊಂಡ ಕೆಲ ವರ್ಷಗಳ ಮೇಲೆ, ಅಚ್ಯುತರಾಯನ ಕಾಲದಲ್ಲಿ ಬರೆದ ನೂನಿಜ್ ಇನ್ನೊಂದು ವಿವರ ಸೇರಿಸುತ್ತಾನೆ. ರಾಜನ ಬಳಿ ಸಾವಿರ ಜನ ಜಟ್ಟಿಗಳಿದ್ದರು, ಕೈಯಲ್ಲಿ ಮೊನೆಯಿರುವ ಬಳೆಯಂಥದ್ದು ಹಿಡಿದು ಹೊಡೆದಾಡುತ್ತಿದ್ದರು. ಇದೇ ನಮ್ಮ ವಜ್ರಮುಷ್ಟಿ ಇರಬೇಕು. ಕಾಳಗದ ಕೊನೆಗೆ ಯಾರಿಗೆ ಹೆಚ್ಚು ಗಾಯವಾಗಿದೆಯೋ ಅವನು ಹೋಗಿ ರಾಜ ಕೊಡುವ ರೇಷ್ಮೆ ಬಟ್ಟೆ ತೆಗೆದುಕೊಳ್ಳುತ್ತಿದ್ದ. ಕುಸ್ತಿ ಆಡುವ ಹೆಂಗಸರೂ ಅರಮನೆಯಲ್ಲಿದ್ದರು ಅಂತಲೂ ಹೇಳುತ್ತಾನೆ.

ಹೆಚ್ಚು ಪೆಟ್ಟು ತಿಂದವನಿಗೆ ರೇಷ್ಮೆ! ನಮ್ಮ ಲಿಸ್ಟ್‌ನಲ್ಲಿ ಸೊನ್ನೆಗೆ ಔಟಾದವನಿಗೆ ಎರಡು ಮಾರ್ಕ್ಸ್ ಕೊಡೋದೇ ಹೆಚ್ಚು. ಈ ವಿವರ ಓದಿದ ಮೇಲೆ ಮುಂದಿನ ಸುತ್ತುಗಳಲ್ಲಿ ನಾವು ಗೆದ್ದವನ ಜೊತೆ ಪೆಟ್ಟು ತಿಂದವರನ್ನೂ ಹುಡುಕೋಕೆ ಶುರು ಮಾಡಿದೆವು.

ಹೊರ ಊರಿನ ಮ್ಯಾಚ್‌ಗಳು

ಮೊದಲ ಕೆಲವು ವರ್ಷ ದಕ್ಷಿಣದಲ್ಲಿ ಉಮ್ಮತ್ತೂರಿನ ಗಂಗರಾಜನನ್ನು ಸೋಲಿಸಿ ಶಿವನಸಮುದ್ರದ ಕೋಟೆ ಹಿಡಿದ. ಆಮೇಲೆ ಪೂರ್ವಕ್ಕೆ, ಒಡಿಶಾದ ಗಜಪತಿಯ ಮೇಲೆ. ಮೊದಲ ಗುರಿ ಉದಯಗಿರಿ. ಬೆಟ್ಟದ ಮೇಲಿನ ಆ ಕೋಟೆಗೆ ಸರಿಯಾದ ದಾರಿಯೇ ಇರಲಿಲ್ಲ. ಬಂಡೆ ಒಡೆಸಿ ದಾರಿ ಮಾಡಿಸಿ, ನೂನಿಜ್ ಲೆಕ್ಕದಲ್ಲಿ ಒಂದೂವರೆ ವರ್ಷ ಕಾದು ಅದನ್ನು ಗೆದ್ದ. ಅಲ್ಲಿಂದ ತಂದ ಬಾಲಕೃಷ್ಣನ ವಿಗ್ರಹಕ್ಕೆ ಹಂಪಿಯಲ್ಲಿ ಕಟ್ಟಿಸಿದ್ದೇ ಕೃಷ್ಣ ದೇವಾಲಯ. 1515ರಲ್ಲಿ ಕೊಂಡವೀಡು ಕೈಗೆ ಬಂತು, ಅದರ ಉಸ್ತುವಾರಿ ತಿಮ್ಮರಸನಿಗೆ ಹೋಯಿತು. ಸಿಂಹಾಚಲದ ತನಕ ಹೋಗಿ, ಕೊನೆಗೆ ಗಜಪತಿಯ ಮಗಳನ್ನು ಮದುವೆಯಾಗಿ ಸಂಧಿ ಮಾಡಿಕೊಂಡ.

ತಾಳ್ಮೆಗೆ ಒಂಬತ್ತು. ಬಂಡೆ ಒಡೆದವರಿಗೂ ಒಂಬತ್ತು, ಅವರ ಹೆಸರು ಸ್ಕೋರ್‌ಕಾರ್ಡ್‌ನಲ್ಲಿ ಇಲ್ಲದಿದ್ದರೂ.

ಇದರ ನಡುವೆ ಓದು ಬರಹವನ್ನೂ ಬಿಟ್ಟವನಲ್ಲ. ತೆಲುಗಿನಲ್ಲಿ ಆಮುಕ್ತಮಾಲ್ಯದ ಬರೆದ. ಕನ್ನಡದಲ್ಲಿ ಕುಮಾರವ್ಯಾಸ ಬಿಟ್ಟಿದ್ದ ಭಾರತದ ಉಳಿದ ಪರ್ವಗಳನ್ನು ತಿಮ್ಮಣ್ಣ ಕವಿಯಿಂದ ಬರೆಸಿದ. ಆಲ್‌ರೌಂಡರ್ ಅನ್ನೋ ಪದ ಸುಮ್ಮನೆ ಬಳಸಬಾರದು, ಇಲ್ಲಿ ಬಳಸಬಹುದು.

ಸಿವಿಲ್‌ನವರಿಗಾಗಿ ಒಂದು ಕೆರೆ

ಇವತ್ತಿನ ಹೊಸಪೇಟೆ ಕೃಷ್ಣದೇವರಾಯ ಕಟ್ಟಿಸಿದ ನಾಗಲಾಪುರ. ಅದಕ್ಕೆ ನೀರು ಬೇಕಾಗಿತ್ತು. ಎರಡು ಗುಡ್ಡಗಳ ನಡುವೆ ಏರಿ ಹಾಕಿಸಿ ಕೆರೆ ಕಟ್ಟಿಸಲು ಹೊರಟ. ಗೋವಾದಿಂದ ಜೊವಾವ್ ಡೆಲಾ ಪೊಂಟೆ ಅನ್ನೋ ಕಲ್ಲುಕೆಲಸದ ಮೇಸ್ತ್ರಿಯನ್ನು ಕರೆಸಿಕೊಂಡ. ಹದಿನೈದಿಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ಕೆಲಸ ಮಾಡುತ್ತಿದ್ದದ್ದನ್ನು ಪಾಯೆಸ್ ಕಣ್ಣಾರೆ ಕಂಡಿದ್ದಾನೆ. ಏರಿ ಎರಡು ಮೂರು ಸಲ ಒಡೆಯಿತು. ಆಗ ದೇವರಿಗೆ ಬಲಿ ಬೇಕು ಅಂತ ಬ್ರಾಹ್ಮಣರು ಹೇಳಿದರಂತೆ. 60 ಜನ ಮನುಷ್ಯರನ್ನು, ಜೊತೆಗೆ ಕುದುರೆ, ಕೋಣಗಳನ್ನು ಕಡಿಸಲಾಯಿತು ಅಂತ ಪಾಯೆಸ್ ಬರೆಯುತ್ತಾನೆ.

ಕೆಲಸ ಮುಗಿಯಿತು. ಕೆರೆ ಕೆಳಗಿನ ಭೂಮಿಯನ್ನು ರೈತರಿಗೆ ಒಂಬತ್ತು ವರ್ಷ ಕಂದಾಯ ಇಲ್ಲದೆ ಬಿಟ್ಟುಕೊಟ್ಟ. ಗದ್ದೆ ತೋಟ ಎದ್ದವು, ಆಮೇಲೆ ಅದರಿಂದ ಬರುತ್ತಿದ್ದ ಆದಾಯ 20,000 ವರಹದಷ್ಟು. ಯೋಜನೆಗೆ ಎಂಟು, ಕಂದಾಯದ ಬುದ್ಧಿಗೆ ಒಂಬತ್ತು ಅಂತ ಬರೆದು ನಾವು ಪೆನ್ನು ಕೆಳಗಿಟ್ಟೆವು. ಆ 60 ಜನರ ಮುಂದೆ ಯಾವ ಅಂಕಿ ಬರೆದರೂ ಸರಿ ಕಾಣಲಿಲ್ಲ. ಆ ಸಾಲು ಖಾಲಿ ಬಿಟ್ಟಿದ್ದೇವೆ.

ರಾಯಚೂರು, 1520

ಇದು ಫೈನಲ್. ಎದುರಾಳಿ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾ. ರಾಯನ ಕಡೆ 7,03,000 ಕಾಲಾಳು, 32,600 ಕುದುರೆ, 551 ಆನೆ ಅಂತ ನೂನಿಜ್ ಬರೆಯುತ್ತಾನೆ. ಅಭಿಮಾನಿಗಳ ಲೆಕ್ಕ ಯಾವ ಕಾಲದಲ್ಲೂ ಸ್ವಲ್ಪ ಜಾಸ್ತಿನೇ ಅಂದುಕೊಳ್ಳೋಣ. ಎಲ್ಲರಿಗಿಂತ ಮುಂದೆ ಹೊರಟ ಪಡೆ ಕಾಮನಾಯಕನದು.

ಕದನದ ಮೊದಲರ್ಧ ಕೆಟ್ಟದಾಗಿತ್ತು. ಆದಿಲ್ ಶಾನ ಫಿರಂಗಿಗಳು ಒಟ್ಟಿಗೇ ಸಿಡಿದು ವಿಜಯನಗರದ ಮುಂಚೂಣಿ ಚದುರಿತು. ಕೃಷ್ಣದೇವರಾಯ ತನ್ನ ಉಂಗುರ ತೆಗೆದು ಒಬ್ಬ ಸೇವಕನ ಕೈಗೆ ಕೊಟ್ಟ. ತಾನು ಸತ್ತರೆ ರಾಣಿಯರಿಗೆ ಗುರುತಾಗಿ ತೋರಿಸಲಿ ಅಂತ. ಆಮೇಲೆ ಕುದುರೆ ಹತ್ತಿ ಉಳಿದ ಪಡೆಯೊಂದಿಗೆ ಮುಂದೆ ನುಗ್ಗಿದ. ಅಲ್ಲಿಂದ ಮ್ಯಾಚ್ ತಿರುಗಿತು, ಆದಿಲ್ ಶಾ ನದಿ ದಾಟಿ ಪಾರಾದ.

ಕೋಟೆ ಮಾತ್ರ ಇನ್ನೂ ಬಿದ್ದಿರಲಿಲ್ಲ. ಕುದುರೆ ಮಾರೋಕೆ ಬಂದಿದ್ದ ಕ್ರಿಸ್ತೊವಾವ್ ಡಿ ಫಿಗೆರೆದೊ ತನ್ನ 20 ಜನ ಕೋವಿಕಾರರ ಜೊತೆ ಸಬ್‌ಸ್ಟಿಟ್ಯೂಟ್ ಥರ ಇಳಿದ. ಗೋಡೆಯ ಮೇಲೆ ತಲೆ ಎತ್ತಿದವರಿಗೆ ಗುಂಡು ಬೀಳತೊಡಗಿತು. ಕೆಳಗೆ ಆಳುಗಳು ಕೋಟೆಯ ಕಲ್ಲು ಕಿತ್ತರು. ಕೋಟೆಯ ನಾಯಕ ಬಗ್ಗಿ ನೋಡಲು ಬಂದವನು ಹಣೆಗೆ ಗುಂಡು ತಗುಲಿ ಸತ್ತ. ಮರುದಿನ ಊರು ಶರಣಾಯಿತು. ಒಳಗಿದ್ದ ಜನರಿಗೆ ತೊಂದರೆ ಕೊಡದಂತೆ ರಾಯ ನೋಡಿಕೊಂಡ.

ಕೃಷ್ಣದೇವರಾಯ 9, ಕಾಮನಾಯಕ 8, ಫಿಗೆರೆದೊ 8, ಕಲ್ಲು ಕಿತ್ತ ಆಳುಗಳಿಗೆ 9. ಗೆದ್ದ ಮೇಲಿನ ನಡತೆಗೆ ಮಾತ್ರ 4. ಸೋತ ಆದಿಲ್ ಶಾ ಬಂದು ತನ್ನ ಪಾದಕ್ಕೆ ಮುತ್ತಿಡಬೇಕು, ಆಗಲೇ ಸಂಧಿ ಅಂತ ಪಟ್ಟು ಹಿಡಿದ. ಆದಿಲ್ ಶಾ ಬರಲೇ ಇಲ್ಲ.

ಕೊನೆಯ ತೀರ್ಪು

1524ರಲ್ಲಿ ಆರು ವರ್ಷದ ಮಗ ತಿರುಮಲನಿಗೆ ಪಟ್ಟ ಕಟ್ಟಿದ. ಕೆಲವೇ ತಿಂಗಳಲ್ಲಿ ಹುಡುಗ ಕಾಯಿಲೆ ಬಿದ್ದು ತೀರಿಕೊಂಡ. ತಿಮ್ಮರಸನ ಮಗ ವಿಷ ಹಾಕಿದ ಅನ್ನೋ ಮಾತು ರಾಜನ ಕಿವಿಗೆ ಬಿತ್ತು. ತುಂಬಿದ ಸಭೆಗೆ ತಿಮ್ಮರಸನನ್ನು ಕರೆಸಿ, ಆರೋಪ ಹೊರಿಸಿ, ಮಕ್ಕಳ ಸಮೇತ ಅಲ್ಲೇ ಸೆರೆಹಿಡಿಸಿದ. ಮೂರು ವರ್ಷ ಸೆರೆ. ನಡುವೆ ಒಬ್ಬ ಮಗ ತಪ್ಪಿಸಿಕೊಂಡು ಹೋಗಿ ಬಂಡಾಯ ಎದ್ದು ಮತ್ತೆ ಸಿಕ್ಕಿಬಿದ್ದ. ಆಗ ಅಪ್ಪ ಮಕ್ಕಳ ಕಣ್ಣು ಕೀಳಿಸಲಾಯಿತು. ಇದು ನೂನಿಜ್ ಹೇಳುವ ಕಥೆ, ಮೇಕೆಯ ಕಣ್ಣಿನ ಕಥೆ ಹೇಳಿದವನೂ ಅವನೇ. ಇಬ್ಬರನ್ನೂ ಸಮವಾಗಿ ನಿಲ್ಲಿಸುವ ತೀರ್ಪುಗಾರರು ಜಟ್ಟಿಗಳ ಕಣದಲ್ಲಿದ್ದರು. ಈ ಕಥೆಯಲ್ಲಿ ಅಂಥವರು ಎಲ್ಲೂ ಬರೋದಿಲ್ಲ.

ಇಲ್ಲಿ ನಮ್ಮ ಬಳಗ ಎರಡು ಗುಂಪಾಯಿತು. ಮಗನನ್ನು ಕಳೆದುಕೊಂಡ ಅಪ್ಪನ ಸಂಕಟಕ್ಕೆ ಮಾರ್ಕ್ಸ್ ಕಡಿಯೋದು ತಪ್ಪು ಅಂತ ಒಂದು ಗುಂಪು. ಮೈದಾನದಲ್ಲಿ ಎಷ್ಟೇ ಚೆನ್ನಾಗಿ ಆಡಿದ್ದರೂ, ತನ್ನ ಕಣ್ಣು ಉಳಿಸಿದವನ ಕಣ್ಣನ್ನು ವಿಚಾರಣೆ ಇಲ್ಲದೆ ಕೀಳಿಸಿದವನಿಗೆ ಬ್ರೌನ್‌ಲೋ ಷರತ್ತು ಅನ್ವಯಿಸುತ್ತದೆ ಅಂತ ಇನ್ನೊಂದು ಗುಂಪು. ಎರಡು ಗಂಟೆ ಜಗಳದ ನಂತರ ಒಂದು ತೀರ್ಮಾನಕ್ಕೆ ಬಂದೆವು. ಒಂದೇ ಅಂಕಿ ಕೊಡೋದಿಲ್ಲ. ಆಟಗಾರನಾಗಿ 9, ನಾಯಕನಾಗಿ 8, ತೀರ್ಪುಗಾರನಾಗಿ 2. ಸರಾಸರಿ ತೆಗೆಯೋದಿಲ್ಲ. ಸರಾಸರಿ ತೆಗೆದರೆ ಆರೂ ಚಿಲ್ಲರೆ ಬರುತ್ತದೆ, ಅಂಥ ಒಬ್ಬ ಕೃಷ್ಣದೇವರಾಯ ಯಾವತ್ತೂ ಇರಲಿಲ್ಲ.

ಅವನು ತೀರಿಕೊಂಡದ್ದು 1529ರ ಅಕ್ಟೋಬರ್ 17, ಭಾನುವಾರ, ಚಂದ್ರಗ್ರಹಣದ ದಿನ. ತುಮಕೂರು ಜಿಲ್ಲೆಯ ಹೊನ್ನೇನಹಳ್ಳಿಯ ಒಂದು ಕನ್ನಡ ಶಾಸನದಲ್ಲಿ ಈ ದಿನ ದಾಖಲಾಗಿರುವುದು 2021ರಲ್ಲಿ ಸುದ್ದಿಯಾಯಿತು. ತಮ್ಮ ಅಚ್ಯುತರಾಯ ಪಟ್ಟಕ್ಕೆ ಬಂದ, ನವರಾತ್ರಿಯ ಕುಸ್ತಿ ಮುಂದುವರಿಯಿತು.

ಹೊಸಪೇಟೆ ಬಸ್ ಹತ್ತಿದರೆ ಕಮಲಾಪುರ ದೂರವೇನಲ್ಲ. ಮೊದಲು ಅಲ್ಲಿನ ಮ್ಯೂಸಿಯಂನಲ್ಲಿರುವ ಹಂಪಿಯ ಮಾಡೆಲ್ ನೋಡಿ, ಇಡೀ ಮೈದಾನ ಅರ್ಥವಾಗುತ್ತದೆ. ಆಮೇಲೆ ದಿಬ್ಬಕ್ಕೆ ಹೋಗಿ ಕಲ್ಲಿನ ಜಟ್ಟಿಗಳನ್ನು ಹುಡುಕಿ. ಬಂದ ಮೇಲೆ ನಿಮ್ಮ ಮಾರ್ಕ್ಸ್ ಲಿಸ್ಟ್ ನಮಗೆ ಕೊಡಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ನಮ್ಮದೊಂದೇ ಷರತ್ತು: ಲಿಸ್ಟ್‌ನಲ್ಲಿ ಗೆದ್ದವರ ಜೊತೆ, ರೇಷ್ಮೆ ಬಟ್ಟೆ ಯಾರಿಗೆ ಅನ್ನೋದನ್ನೂ ಬರೆದಿರಬೇಕು.