ಶುಶ್ರೂಷಾಮಾತೆ ಫ್ಲಾರೆನ್ಸ್ ನೈಟಿಂಗೇಲಳ ಚರಿತ್ರೆ

ಕೈಯಲ್ಲಿ ದೀಪವನ್ನು ಹಿಡಿದು, ಗಾಯಗೊಂಡ ಸಿಪಾಯಿಗಳ ಹಾಸಿಗೆಗಳ ನಡುವೆ ಇರುಳಿನಲ್ಲಿ ಸಂಚರಿಸಿದ ಮಹಿಳೆಯೆಂದು ಫ್ಲಾರೆನ್ಸ್ ನೈಟಿಂಗೇಲಳ ಹೆಸರನ್ನು ಕೇಳದ ವಿದ್ಯಾರ್ಥಿನಿಯರು ವಿರಳ. ಆದರೆ ಆ ಸಾಧ್ವಿಯು ಯುದ್ಧಭೂಮಿಯಿಂದ ಹಿಂದಿರುಗಿದ ಮೇಲೆ ಬಾಣಂತಿಯರ ಮತ್ತು ಹಸುಗೂಸುಗಳ ಪ್ರಾಣರಕ್ಷಣೆಗಾಗಿಯೂ, ಅವರನ್ನು ಆರೈಕೆ ಮಾಡುವ ದಾದಿಯರ ಹಿತಕ್ಕಾಗಿಯೂ ಪಟ್ಟ ಶ್ರಮವು ಅಷ್ಟು ಪ್ರಸಿದ್ಧವಾಗಿಲ್ಲ. ದೀಪಕ್ಕಿಂತಲೂ ಲೆಕ್ಕದ ಪುಸ್ತಕವೇ ಆಕೆಯ ಕೈಯಲ್ಲಿ ಹೆಚ್ಚು ಕಾಲ ಇದ್ದಿತು. ಕರುಣೆಯು ಸತ್ಯಶೋಧನೆಯೊಡನೆ ಕೂಡಿದರೆ ಎಷ್ಟು ಫಲವನ್ನು ಕೊಡಬಲ್ಲದೆಂಬುದನ್ನು ಆಕೆಯ ಜೀವಿತವು ನಮಗೆ ತೋರಿಸುತ್ತದೆ.

ಫ್ಲಾರೆನ್ಸಳು 1820ನೆಯ ಇಸವಿ ಮೇ 12ರಂದು ಇಟಲಿ ದೇಶದಲ್ಲಿ ಹುಟ್ಟಿದಳು. ತಾನು ಹುಟ್ಟಿದ ಪಟ್ಟಣದ ಹೆಸರೇ ಆಕೆಗೆ ಇಡಲ್ಪಟ್ಟಿತು. ತಂದೆ ವಿಲಿಯಂ ನೈಟಿಂಗೇಲನು ಇಂಗ್ಲೆಂಡಿನ ಶ್ರೀಮಂತ ಗೃಹಸ್ಥನು. ಆತನು ತನ್ನ ಇಬ್ಬರು ಹೆಣ್ಣುಮಕ್ಕಳಿಗೆ ಗ್ರೀಕ್, ಲ್ಯಾಟಿನ್ ಭಾಷೆಗಳನ್ನೂ ಚರಿತ್ರೆಯನ್ನೂ ತಾನೇ ಕಲಿಸಿದನು. ಕಿರಿಯವಳಾದ ಫ್ಲಾರೆನ್ಸಳಿಗಾದರೋ ಗಣಿತದಲ್ಲಿ ವಿಶೇಷವಾದ ಅಭಿರುಚಿ. 1837ರ ಫೆಬ್ರವರಿಯಲ್ಲಿ, ಇನ್ನೂ ಹದಿನೇಳು ತುಂಬುವ ಮೊದಲೇ, ದೇವರು ತನ್ನನ್ನು ಸೇವೆಗೆ ಕರೆದನೆಂಬ ನಿಶ್ಚಯವು ಆಕೆಯ ಹೃದಯದಲ್ಲಿ ನೆಲೆಗೊಂಡಿತು. ಆ ಸೇವೆಯು ರೋಗಿಗಳ ಶುಶ್ರೂಷೆಯೇ ಎಂದು ಮುಂದೆ ಆಕೆಗೆ ಸ್ಪಷ್ಟವಾಯಿತು. ಆದರೆ ಆ ಕಾಲದಲ್ಲಿ ದಾದಿಯ ಕೆಲಸವು ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳಿಗೆ ತಕ್ಕುದಲ್ಲವೆಂದು ಎಣಿಸಲ್ಪಟ್ಟಿದ್ದುದರಿಂದ ತಾಯಿಯೂ ಅಕ್ಕನೂ ಬಹಳ ವಿರೋಧಿಸಿದರು. ಫ್ಲಾರೆನ್ಸಳು ಅನೇಕ ವರ್ಷ ಕಾದಿದ್ದು, 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್ ಎಂಬ ಊರಿಗೆ ಹೋಗಿ, ಪಾದ್ರಿ ಫ್ಲೀಡ್ನರ್ ಸ್ಥಾಪಿಸಿದ್ದ ಸೇವಕಿಯರ ಮಠದಲ್ಲಿ ಸುಮಾರು ಮೂರು ತಿಂಗಳು ಶಿಕ್ಷಣ ಪಡೆದಳು.

1853ರಲ್ಲಿ ಲಂಡನ್ ನಗರದ ಹಾರ್ಲಿ ಬೀದಿಯಲ್ಲಿದ್ದ ಒಂದು ಚಿಕ್ಕ ಆಸ್ಪತ್ರೆಯ ಮೇಲ್ವಿಚಾರಣೆಯು ಆಕೆಗೆ ದೊರೆಯಿತು. ಪ್ರತಿಯೊಂದು ಅಂತಸ್ತಿಗೂ ಕೊಳವೆಯ ಮೂಲಕ ಬಿಸಿನೀರು ಬರಬೇಕು. ರೋಗಿಗಳ ಊಟವನ್ನು ಮೇಲಕ್ಕೆ ಎಳೆಯಲು ಯಂತ್ರವಿರಬೇಕು. ಗಂಟೆ ಬಾರಿಸಿದ ರೋಗಿ ಯಾರೆಂಬುದು ದಾದಿಗೆ ಕೂಡಲೇ ತಿಳಿಯುವಂತಿರಬೇಕು ಎಂದು ಆಕೆಯು ಪಟ್ಟುಹಿಡಿದಳು. ದಾದಿಯ ಬಲವೆಲ್ಲ ಮೆಟ್ಟಿಲು ಹತ್ತಿ ಇಳಿಯುವುದರಲ್ಲಿಯೇ ಸವೆದುಹೋದರೆ ರೋಗಿಯ ಬಳಿ ನಿಲ್ಲುವವರು ಯಾರು? ದಾದಿಯ ಕೆಲಸದ ಅನುಕೂಲವು ರೋಗಿಯ ಕ್ಷೇಮಕ್ಕೆ ತಳಹದಿಯೆಂಬ ತತ್ತ್ವವನ್ನು ಆಕೆಯು ಎಂದಿಗೂ ಬಿಡಲಿಲ್ಲ.

ಮರುವರ್ಷ ಕ್ರಿಮಿಯಾ ಯುದ್ಧದ ನಿಮಿತ್ತ 38 ಮಂದಿ ಸ್ತ್ರೀಯರೊಡನೆ ಹೊರಟು, 1854ರ ನವೆಂಬರ್ 4ರಂದು ತುರ್ಕಿಯ ಸ್ಕುಟಾರಿಯನ್ನು ಸೇರಿದಳು. ಆ ಚಳಿಗಾಲದಲ್ಲಿ ದಾದಿಯರು ಹಗಲಿರುಳು ದುಡಿದರೂ ಸಿಪಾಯಿಗಳು ಸಾಯುವುದು ನಿಲ್ಲಲಿಲ್ಲ. 1855ರ ಮಾರ್ಚಿಯಲ್ಲಿ ಆರೋಗ್ಯ ಮಂಡಲಿಯವರು ಬಂದು ಆಸ್ಪತ್ರೆಯ ಕೆಳಗಿನ ಚರಂಡಿಗಳನ್ನು ಶುದ್ಧಮಾಡಿಸಿದ ತರುವಾಯ ಮರಣಗಳು ಬಹುವಾಗಿ ತಗ್ಗಿದವು. ಸ್ವದೇಶಕ್ಕೆ ಹಿಂದಿರುಗಿ ಲೆಕ್ಕಗಳನ್ನು ಪರಿಶೀಲಿಸಿದಾಗ, ಶತ್ರುವಿನ ಗುಂಡಿಗಿಂತಲೂ ಕೊಳೆಯಿಂದಲೂ ರೋಗದಿಂದಲೂ ಸತ್ತವರೇ ಹೆಚ್ಚೆಂದು ಆಕೆಗೆ ತಿಳಿದುಬಂದಿತು. ಸೇವೆಯೊಂದೇ ಸಾಲದು, ಮರಣದ ಕಾರಣವನ್ನು ಹುಡುಕಬೇಕು ಎಂಬ ಪಾಠವನ್ನು ಆಕೆಯು ಇಲ್ಲಿ ಕಲಿತಳು.

ಜನರು ಕೃತಜ್ಞತೆಯಿಂದ ಕೂಡಿಸಿದ ನಿಧಿಯಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆಯು ಆರಂಭವಾಯಿತು. ಅದಕ್ಕೆ ಮೊದಲು ಅನೇಕ ಆಸ್ಪತ್ರೆಗಳಲ್ಲಿ ದಾದಿಯರು ರೋಗಿಗಳ ಕೋಣೆಯ ಬಾಗಿಲ ಬಳಿಯಲ್ಲಿಯೇ ಗಾಳಿ ಬೆಳಕುಗಳಿಲ್ಲದ ಮೂಲೆಗಳಲ್ಲಿ ಮಲಗುತ್ತಿದ್ದರು. ಈ ಶಾಲೆಯಲ್ಲಾದರೋ ಪ್ರತಿಯೊಬ್ಬಳಿಗೂ ಪ್ರತ್ಯೇಕವಾದ ಕೋಣೆ, ಊಟ, ವೇತನ ಮತ್ತು ಕ್ರಮವಾದ ಬೋಧನೆ ದೊರೆತವು.

1861ರಲ್ಲಿ ಬಡಜನರಿಗಾಗಿ ಪ್ರಕಟಿಸಿದ ಶುಶ್ರೂಷೆಯ ಪುಸ್ತಕದಲ್ಲಿ ಮಗುವನ್ನು ನೋಡಿಕೊಳ್ಳುವ ಬಗೆಯನ್ನು ಕುರಿತು ಒಂದು ಅಧ್ಯಾಯವನ್ನು ಹೊಸದಾಗಿ ಸೇರಿಸಿದಳು. ಅದು ತಾಯಂದಿರಿಗಲ್ಲ, ತಮ್ಮತಂಗಿಯರನ್ನು ಎತ್ತಿಕೊಂಡು ತಿರುಗುವ ಬಾಲಿಕೆಯರಿಗೆ ಬರೆದುದು. ಆ ಕಾಲದ ಇಂಗ್ಲೆಂಡಿನಲ್ಲಿ ಏಳು ಕೂಸುಗಳಲ್ಲಿ ಒಂದು ವರ್ಷ ತುಂಬುವುದರೊಳಗೆ ತೀರಿಹೋಗುತ್ತಿತ್ತು. ಶುದ್ಧವಾದ ಗಾಳಿ, ಹದವಾದ ಬಿಸುಪು, ಮೈಯ ಮತ್ತು ಬಟ್ಟೆಯ ನೈರ್ಮಲ್ಯ, ಹೊತ್ತಿಗೆ ಸರಿಯಾದ ಆಹಾರ, ಬೆಳಕು, ಮಗುವನ್ನು ಬೆಚ್ಚಿಬೀಳಿಸದ ಮೃದುತ್ವ ಇವಿಷ್ಟನ್ನೂ ಪುಟ್ಟ ಅಕ್ಕಂದಿರೂ ಮಾಡಬಲ್ಲರೆಂದು ಆಕೆಯು ನಂಬಿದ್ದಳು.

ಅದೇ ವರ್ಷ ಆಕೆಯು ಮತ್ತೊಂದು ಪ್ರಿಯವಾದ ಏರ್ಪಾಡನ್ನು ಮಾಡಿದಳು. ಹಳ್ಳಿಗಳಿಂದ ಯೋಗ್ಯರಾದ ಸ್ತ್ರೀಯರನ್ನು ಕರೆಯಿಸಿ, ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ಹೆರಿಗೆಯ ವಿಭಾಗದಲ್ಲಿ ಆರು ತಿಂಗಳು ಸೂಲಗಿತ್ತಿಯ ವಿದ್ಯೆಯನ್ನು ಕಲಿಸಿ, ಬಡವರ ಸೇವೆಗಾಗಿ ತಂತಮ್ಮ ಊರಿಗೆ ಕಳುಹಿಸಬೇಕೆಂಬುದೇ ಉದ್ದೇಶ. ಶಿಕ್ಷಣವು ಚೆನ್ನಾಗಿಯೇ ನಡೆಯಿತು. ಆದರೆ ಹೆತ್ತ ತಾಯಂದಿರು ಬಾಣಂತಿಜ್ವರದಿಂದ ಸಾಯತೊಡಗಿದರು. ಸುಮಾರು ಆರು ವರ್ಷಗಳಲ್ಲಿ ಅಲ್ಲಿ ಹೆರಿಗೆಯಾದ 780 ಸ್ತ್ರೀಯರಲ್ಲಿ 26 ಮಂದಿ ತೀರಿಹೋದರು. ಅಂದರೆ ಸಾವಿರಕ್ಕೆ 33ಕ್ಕಿಂತ ಹೆಚ್ಚು. ಇಡೀ ಇಂಗ್ಲೆಂಡಿನಲ್ಲಿ, ಬಡವರ ಗುಡಿಸಲುಗಳೂ ಸೇರಿ, ಈ ಸಂಖ್ಯೆಯು ಸಾವಿರಕ್ಕೆ ಸುಮಾರು ಐದು ಮಾತ್ರ. ರಕ್ಷಣೆಗೆಂದು ಕಟ್ಟಿದ ಮನೆಯೇ ಮೃತ್ಯುವಿನ ಮನೆಯಾಗಿದ್ದಿತು. 1867ರಲ್ಲಿ ಆ ವಿಭಾಗವು ಮುಚ್ಚಲ್ಪಟ್ಟಿತು.

ತನ್ನ ನಿಧಿಯಿಂದ ನಡೆದ ಕಾರ್ಯವು ಹೀಗಾಯಿತೆಂದು ಫ್ಲಾರೆನ್ಸಳು ಅದನ್ನು ಮರೆಮಾಡಲಿಲ್ಲ. ಯಾರೊಬ್ಬ ದಾದಿಯ ಮೇಲೂ ತಪ್ಪನ್ನು ಹೊರಿಸಲಿಲ್ಲ. ವೈದ್ಯನಾದ ಜಾನ್ ಸದರ್ಲೆಂಡನ ಸಹಾಯದಿಂದ ನಾನಾ ದೇಶಗಳ ಹೆರಿಗೆಯ ಆಸ್ಪತ್ರೆಗಳ ಲೆಕ್ಕಗಳನ್ನು ಕೂಡಿಸಿ, 1871ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿ, ಕಿಂಗ್ಸ್ ಕಾಲೇಜಿನ 26 ಮರಣಗಳನ್ನೂ ಅದರಲ್ಲಿ ಬಹಿರಂಗವಾಗಿ ಅಚ್ಚುಹಾಕಿಸಿದಳು. ಸೂಲಗಿತ್ತಿಯಾಗಿದ್ದ ಸಾಕ್ರಟೀಸನ ತಾಯಿಯ ನೆನಪಿಗೆ ಆ ಗ್ರಂಥವನ್ನು ಅರ್ಪಿಸಿದಳು. ಬಾಣಂತಿಯರನ್ನು ಇತರ ರೋಗಿಗಳಿಂದ ಬೇರ್ಪಡಿಸಬೇಕು. ಬಹು ಮಂದಿಯನ್ನು ಒಂದೆಡೆ ಕೂಡಿಹಾಕದೆ ಚಿಕ್ಕ ಮನೆಗಳಲ್ಲಿ ಇಡಬೇಕು. ಕೋಣೆಗಳನ್ನು ಸರದಿಯ ಮೇಲೆ ಬರಿದುಮಾಡಿ ತೊಳೆಯಬೇಕು ಎಂಬುದು ಆಕೆಯ ನಿರ್ಣಯವಾಗಿದ್ದಿತು.

ಕೆಟ್ಟ ಗಾಳಿಯೇ ಆ ಜ್ವರಕ್ಕೆ ಮುಖ್ಯ ಕಾರಣವೆಂದು ಆಕೆಯು ಆಗ ತಿಳಿದಿದ್ದಳು. ವೈದ್ಯರು ಕೈಗಳನ್ನು ಶುದ್ಧಿಮಾಡಿಕೊಂಡರೆ ಬಾಣಂತಿಯರು ಉಳಿಯುವರೆಂದು ಸೆಮ್ಮೆಲ್‌ವೈಸ್ ಎಂಬ ವೈದ್ಯನು 1847ರಲ್ಲಿಯೇ ವಿಯೆನ್ನಾದಲ್ಲಿ ತೋರಿಸಿದ್ದನು. 1879ರಲ್ಲಿ ಪಾಶ್ಚರನು ಆ ಜ್ವರದ ಸೂಕ್ಷ್ಮಜೀವಿಯನ್ನು ಗುರುತಿಸಿದನು. ಕಾರಣದ ವಿಷಯದಲ್ಲಿ ಆಕೆಯ ತಿಳಿವಳಿಕೆಯು ಅಪೂರ್ಣವಾಗಿದ್ದರೂ, ಅಪಾಯವು ಎಲ್ಲಿ ಅಡಗಿದೆಯೆಂಬುದನ್ನು ಆಕೆಯ ಲೆಕ್ಕಗಳು ಸರಿಯಾಗಿಯೇ ತೋರಿಸಿದವು.

ಯುದ್ಧಕಾಲದಲ್ಲಿ ತಗಲಿದ ಕಾಯಿಲೆಯಿಂದ ಬಹುಕಾಲ ಹಾಸಿಗೆಯಲ್ಲಿಯೇ ಇದ್ದುಕೊಂಡು ಆಕೆಯು ಈ ಕೆಲಸಗಳನ್ನೆಲ್ಲ ಮಾಡಿದಳು. ನಮ್ಮ ಭಾರತ ದೇಶಕ್ಕೆ ಒಮ್ಮೆಯೂ ಬರದಿದ್ದರೂ ಇಲ್ಲಿನ ಗ್ರಾಮಗಳ ಆರೋಗ್ಯಕ್ಕಾಗಿ ಅನೇಕ ವರ್ಷ ಲೇಖನಿಯನ್ನು ನಡೆಸಿದಳು. ಭಾರತದ ಸ್ತ್ರೀಯರ ವೈದ್ಯಸಹಾಯಕ್ಕಾಗಿ 1885ರಲ್ಲಿ ನಿಧಿಯನ್ನು ಸ್ಥಾಪಿಸಿದ ಲೇಡಿ ಡಫರಿನ್‌ಳಿಗೂ ಸಲಹೆಗಳನ್ನು ಕೊಟ್ಟಳು. 1907ರಲ್ಲಿ ಆರ್ಡರ್ ಆಫ್ ಮೆರಿಟ್ ಎಂಬ ಗೌರವವನ್ನು ಪಡೆದ ಪ್ರಥಮ ಮಹಿಳೆಯಾದಳು. 1910ರ ಆಗಸ್ಟ್ 13ರಂದು, ತೊಂಬತ್ತು ವರ್ಷದ ಪ್ರಾಯದಲ್ಲಿ, ಕರ್ತನಲ್ಲಿ ನಿದ್ರೆಹೋದಳು. ವೆಸ್ಟ್‌ಮಿನ್‌ಸ್ಟರ್ ದೇವಾಲಯದ ಸಮಾಧಿಗೌರವವನ್ನು ಮನೆಯವರು ಒಲ್ಲದೆ, ಈಸ್ಟ್ ವೆಲೋ ಎಂಬ ಹಳ್ಳಿಯ ದೇವಾಲಯದ ಅಂಗಳದಲ್ಲಿ ಹೂಳಿದರು. ಅಲ್ಲಿಯ ಕಲ್ಲಿನ ಮೇಲೆ ಪೂರ್ಣ ಹೆಸರೂ ಇಲ್ಲ, ಮೊದಲಕ್ಷರಗಳೆರಡು ಮಾತ್ರ.

ಪ್ರಿಯ ಸೋದರಿಯರೇ, ನಮ್ಮಲ್ಲಿ ಕೆಲವರು ದಾದಿಯರಾಗುವರು, ಕೆಲವರು ವೈದ್ಯೆಯರಾಗುವರು. ಮನೆಯಲ್ಲಿ ತಮ್ಮತಂಗಿಯರನ್ನು ಎತ್ತಿಕೊಳ್ಳುವವರಂತೂ ಬಹುಮಂದಿ. ಒಂದು ಹಸುಗೂಸನ್ನು ಮುಟ್ಟುವ ಮುನ್ನ ಕೈತೊಳೆಯುವುದು ಅಲ್ಪ ಕಾರ್ಯವೆಂದು ಎಣಿಸದಿರೋಣ. ನಾವು ಕೈಹಾಕಿದ ಒಳ್ಳೆಯ ಕೆಲಸದಿಂದಲೇ ಕೇಡು ಬರುತ್ತಿರುವುದು ಕಂಡಲ್ಲಿ ಅಭಿಮಾನವನ್ನು ಬದಿಗಿಟ್ಟು, ನಿಜವನ್ನು ಎಣಿಸಿ ಹೇಳುವ ಧೈರ್ಯವನ್ನು ದೇವರು ನಮಗೆ ಅನುಗ್ರಹಿಸಲಿ.